ಕೂರ್ಮಗಡ ಒಂದು ಸುತ್ತು ಹಾಕಬೇಕು, ಯಾವ ದಿನ ಹೋಗಲಿ?

ತೋಟದಮನೆ, ಶಿರಸಿ
ಸೋಮವಾರ, ರಾತ್ರಿ 9:10

ನಮಸ್ಕಾರ. ನಾವು ಘಟ್ಟದ ಮೇಲಿನವರು. ಕಡಲು ಅಂದರೆ ಗೋಕರ್ಣಕ್ಕೆ ಹೋದಾಗ ಕಾಲು ತೋಯಿಸಿಕೊಂಡು ಬರುವುದು, ಅಷ್ಟೇ ಗೊತ್ತು. ಹೋದ ವರ್ಷ ಒಂದು ಮದುವೆಗೆ ಕಾರವಾರಕ್ಕೆ ಬಂದಿದ್ದಾಗ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಕೂತಿದ್ದೆವು. ದೂರದಲ್ಲಿ ಒಂದು ಗುಡ್ಡ, ಆಮೆ ನೀರಿನಲ್ಲಿ ಬೆನ್ನು ಮೇಲೆತ್ತಿ ಮಲಗಿದ ಹಾಗೆ. ಶೇಂಗಾ ಮಾರುವವನು ಅದು ಕೂರ್ಮಗಡ ಅಂದ. ಮೂರನೇ ಕ್ಲಾಸಿನ ಮಗಳು ಅವತ್ತು ಹಿಡಿದ ಹಟ ಇನ್ನೂ ಬಿಟ್ಟಿಲ್ಲ. "ಅಪ್ಪಾ, ಆ ಆಮೆ ಮೇಲೆ ಯಾವಾಗ ಹೋಗೋದು?"

ಈ ವರ್ಷ ಅಡಿಕೆ ಕೊಯ್ಲು ಬೇಗ ಮುಗಿಯುವ ಹಾಗಿದೆ. ಮಾಘದಲ್ಲಿ ಒಂದು ದಿನ ಬಿಡುವು ಮಾಡಿಕೊಳ್ಳಬಹುದು. ಬೋಟು ಎಲ್ಲಿಂದ ಸಿಗುತ್ತದೆ? ಇಳಿದ ಮೇಲೆ ದಡ ಹಿಡಿದು ನಡೆಯುತ್ತಾ ಪೂರ್ತಿ ಒಂದು ಸುತ್ತು ಹಾಕಿ ಎಲ್ಲಾ ಬೀಚು, ಎಲ್ಲಾ ಕೊಲ್ಲಿ ನೋಡಿ ಬರಬಹುದಾ? ಅತ್ತೆಯವರೂ ಬರುತ್ತಾರಂತೆ. ವಯಸ್ಸು 66, ಮೊಣಕಾಲು ಅಷ್ಟಕ್ಕಷ್ಟೆ. ಮಧ್ಯಾಹ್ನ ಊಟ ಮುಗಿಸಿ ಎರಡು ಗಂಟೆಗೆ ಹೊರಟರೆ ಸಂಜೆಯೊಳಗೆ ವಾಪಸ್ ಬರಬಹುದು ಅಂದುಕೊಂಡಿದ್ದೇನೆ.


ಬೈತಖೋಲ ಬಂಗುಡೆ
ಸೋಮವಾರ, ರಾತ್ರಿ 9:32

ಶಿರಸಿಯವರು ಅಂದಮೇಲೆ ಹೆಗಡೆಯವರೇ ಅನ್ನಲಾ, ಭಟ್ಟರೇ ಅನ್ನಲಾ ಗೊತ್ತಾಗುತ್ತಿಲ್ಲ. ಯಾರಾದರೂ ಸರಿ. ಊಟ ಮಾಡಿ ಎರಡು ಗಂಟೆಗೆ ಹೊರಟರೆ ಉಂಡದ್ದೆಲ್ಲ ಮೀನಿಗೆ. ನಮಗೇನೂ ಬೇಜಾರಿಲ್ಲ, ಮೀನು ದಪ್ಪ ಆಗುತ್ತವೆ.


ಕೋಡಿಬಾಗದವ
ಸೋಮವಾರ, ರಾತ್ರಿ 10:15

ಬಂಗುಡೆ ತಮಾಷೆಗೆ ಹೇಳಿದರೂ ಮಾತು ಸರಿಯಾಗಿಯೇ ಇದೆ. ನಮ್ಮ ಮನೆ ಕಾಳಿ ನದಿಯ ದಡದಲ್ಲಿ. ಅಪ್ಪ ತಂಡೇಲರಾಗಿದ್ದರು, ಅಂದರೆ ದೋಣಿ ನಡೆಸುವ ಮುಖ್ಯಸ್ಥ. ನಾನು ಬ್ಯಾಂಕ್ ಕೆಲಸಕ್ಕೆ ಸೇರಿದೆ, ಆದರೂ ರಜೆ ಸಿಕ್ಕರೆ ದೋಣಿ ಬಿಟ್ಟಿರುವುದಿಲ್ಲ.

ಮೊದಲು ಗಾಳಿಯ ವಿಷಯ. ಈ ದಿನಗಳಲ್ಲಿ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಮೆಲ್ಲಗೆ, ತಣ್ಣಗೆ. ನೀರು ಎಣ್ಣೆ ಸುರಿದ ಹಾಗೆ ಇರುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ. ಹನ್ನೆರಡು ದಾಟಿದರೆ ವಾಯವ್ಯದಿಂದ ಶುರು, ಎರಡು ಮೂರು ಗಂಟೆಗೆ ಜೋರು. ನೀವು ಹೊರಡುತ್ತೇನೆ ಅಂದ ಹೊತ್ತಿಗೆ ನಾವೆಲ್ಲ ವಾಪಸ್ ಬಂದು ಮಲಗಿರುತ್ತೇವೆ.

ಎರಡನೆಯದು ಅಳಿವೆ. ಕೋಡಿಬಾಗದ ಕಡೆಯಿಂದ ಹೊರಟರೆ ಕಾಳಿ ಕಡಲು ಸೇರುವ ಬಾಯಿ ದಾಟಲೇಬೇಕು. ಅಲ್ಲಿ ಮರಳು ತುಂಬಿದೆ, ಆಳ ಕಮ್ಮಿ. ಇಳಿತದ ನೀರು ಹೊಳೆಯಿಂದ ಹೊರಗೆ ಓಡುತ್ತಿರುವಾಗ ಎದುರಿನಿಂದ ಕಡಲ ಗಾಳಿ ಬಿದ್ದರೆ ಅಲೆ ಅಲ್ಲೇ ಎದ್ದು ನಿಲ್ಲುತ್ತದೆ. ದಡದಿಂದ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ, ದೋಣಿಯಲ್ಲಿ ಕೂತವರಿಗೆ ಗೊತ್ತು. 2019ರ ಜನವರಿ 21, ಕೂರ್ಮಗಡದ ಜಾತ್ರೆಯ ದಿನ, ಅಲ್ಲಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಆ ದಿನ ಎಲ್ಲಿದ್ದೆ ಅಂತ ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ಲೈಫ್ ಜಾಕೆಟ್ ಎಲ್ಲರಿಗೂ ಇದೆಯಾ, ಮಗುವಿನ ಸೈಜಿನದು ಬೇರೆ ಇದೆಯಾ ಅಂತ ಕೇಳಿ ನೋಡಿಯೇ ಕಾಲಿಡಿ. ದೋಣಿಯಲ್ಲಿ ಜನ ಜಾಸ್ತಿ ಅನ್ನಿಸಿದರೆ ಸಂಕೋಚ ಮಾಡಬೇಡಿ, ಇಳಿದುಬಿಡಿ. ದ್ವೀಪದ ಮೇಲೆ ಇಳಿಯಲು ಸದ್ಯ ಬಿಡುತ್ತಾರಾ ಅಂತ ಹಿಂದಿನ ದಿನ ಬಂದರು ಕಚೇರಿಯಲ್ಲೂ ಒಂದು ಮಾತು ಕೇಳಿ.

ಇನ್ನು ಸುತ್ತು ಹಾಕುವುದು. ಸುತ್ತು ಆಗುವುದಿಲ್ಲ. ದ್ವೀಪದಲ್ಲಿ ಮರಳು ಇರುವುದು ಸ್ವಲ್ಪ, ಉಳಿದದ್ದೆಲ್ಲ ಬಂಡೆ. ಊರಿನ ಕಡೆ ಮುಖ ಮಾಡಿದ ಬದಿಯಲ್ಲಿ ಇಳಿಯಬಹುದು, ಇಳಿತ ಇದ್ದರೆ ಬಂಡೆಯ ಮೇಲೆ ಎರಡೂ ಕಡೆ ಒಂದಿಷ್ಟು ದೂರ ಹೋಗಬಹುದು. ಪಡುವಣ ಬದಿಗೆ ಹೋಗಲೇಬೇಡಿ. ಎಂಥಾ ಶಾಂತ ದಿನವಾದರೂ ದೂರದಿಂದ ಬಂದ ಉದ್ದನೆಯ ಅಲೆ ಅಲ್ಲಿ ಹೊಡೆಯುತ್ತಿರುತ್ತದೆ. ಹತ್ತು ಅಲೆ ಸಣ್ಣದು, ಹನ್ನೊಂದನೆಯದು ಬಂದು ಎತ್ತಿಕೊಂಡು ಹೋಗುತ್ತದೆ. ಬೋಟಿನಲ್ಲಿ ಕೂತು ದೂರದಿಂದ ನೋಡಿ, ಸಾಕು.


ಸದಾಶಿವಗಡ (ಈಗ ಬೆಂಗಳೂರು)
ಸೋಮವಾರ, ರಾತ್ರಿ 11:48

ಸುತ್ತು ಹಾಕುವ ಆಸೆ ನಮಗೂ ಇತ್ತು, ದ್ವೀಪದಲ್ಲಲ್ಲ, ತಿಳಮಾತಿಯಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾಜಾಳಿ ದಾಟಿ ಗೋವಾ ಗಡಿಗೆ ಅಂಟಿಕೊಂಡ ಹಾಗೆ ಒಂದು ಸಣ್ಣ ಬೀಚು ಇದೆ. ಮರಳು ಕಪ್ಪು, ಎಳ್ಳಿನ ಹಾಗೆ. ಎಳ್ಳಿನ ಮಣ್ಣು ಅಂತಲೇ ಆ ಹೆಸರು. ಆಚೆ ಈಚೆ ಬಿಳಿ ಮರಳಿನ ದಡ, ನಡುವೆ ಇದೊಂದು ಕಪ್ಪು ಮಡಿಕೆ.

ಕಾಲೇಜಿನ ಕೊನೆಯ ವರ್ಷ. ನಾಲ್ಕು ಜನ ಗುಡ್ಡದ ದಾರಿ ಬಿಟ್ಟು ಬಂಡೆಗಳ ಮೇಲೆ ಕಡಲಂಚಿನಲ್ಲೇ ಹೋದೆವು. ಹೋಗುವಾಗ ಹಾದಿ ಸಲೀಸು, ಕಾಲಿನ ಕೆಳಗೆ ಒದ್ದೆ ಬಂಡೆ, ಅಷ್ಟೇ. ಆ ಒದ್ದೆ ಏನು ಹೇಳುತ್ತಿದೆ ಅಂತ ಯಾರಿಗೂ ಹೊಳೆಯಲಿಲ್ಲ. ಕಪ್ಪು ಮರಳಲ್ಲಿ ಹೊರಳಾಡಿ, ತಂದ ಅವಲಕ್ಕಿ ತಿಂದು, ಎರಡು ಗಂಟೆ ಬಿಟ್ಟು ವಾಪಸ್ ಹೊರಟರೆ ಬಂದ ಹಾದಿಯೇ ಇಲ್ಲ. ನಾವು ಕೂತು ಫೋಟೋ ತೆಗೆದುಕೊಂಡ ಬಂಡೆಯ ಮೇಲೆ ಅಲೆ ಒಡೆಯುತ್ತಿತ್ತು. ಒಬ್ಬ ಈಜಿ ಹೋಗುತ್ತೇನೆ ಅಂದ. ಪುಣ್ಯಕ್ಕೆ ಇನ್ನೊಬ್ಬ ಅವನ ಅಂಗಿ ಹಿಡಿದು ಎಳೆದ. ಕೊನೆಗೆ ಗುಡ್ಡ ಹತ್ತಿದೆವು, ಕವಳಿ ಮಟ್ಟಿಯ ನಡುವೆ, ಬರಿಗಾಲಲ್ಲಿ. ಚಪ್ಪಲಿ ಎಲ್ಲಿ ಅಂದರೆ ಬಂಡೆಯ ಸಂದಿಯಲ್ಲಿ ಜೋಪಾನವಾಗಿ ಇಟ್ಟು ಬಂದಿದ್ದೆವು. ಈಗಲೂ ಮೊಣಕಾಲಿನ ಕೆಳಗೆ ಮುಳ್ಳು ಗೀರಿದ ಗುರುತು ಇದೆ. ಹೆಂಡತಿಗೆ ಫುಟ್‌ಬಾಲ್ ಆಡುವಾಗ ಆಗಿದ್ದು ಅಂತ ಹೇಳಿದ್ದೇನೆ.


ಕುಮಟಾ ಅಕ್ಕೋರು
ಮಂಗಳವಾರ, ಬೆಳಿಗ್ಗೆ 6:20

ಗಾಳಿಯ ವಿಷಯ ಕೋಡಿಬಾಗದವರು ಹೇಳಿದರು. ನೀರಿನ ಲೆಕ್ಕ ನಾನು ಹೇಳುತ್ತೇನೆ, ತೋಟದಮನೆಯವರೇ. ಮನೆಯಲ್ಲಿ ಪಂಚಾಂಗ ಇದೆಯಲ್ಲ, ತೆಗೆದಿಡಿ.

ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನ ನಮ್ಮ ಕರಾವಳಿಯಲ್ಲಿ ಭರತ ತುಂಬುವುದು ಹನ್ನೊಂದು, ಹನ್ನೊಂದೂವರೆಯ ಸುಮಾರಿಗೆ. ಹಗಲಲ್ಲೂ ಅಷ್ಟೇ, ರಾತ್ರಿಯೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಪೂರ್ತಿ ಇಳಿತ ಐದು, ಐದೂವರೆಗೆ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 50 ನಿಮಿಷ ಸೇರಿಸುತ್ತಾ ಹೋಗಿ. ಚಂದ್ರ ದಿನಾ ಹೆಚ್ಚುಕಡಿಮೆ ಅಷ್ಟೇ ತಡವಾಗಿ ಏಳುತ್ತಾನೆ, ನೀರು ಅವನ ಹಿಂದೆ ಹೋಗುತ್ತದೆ. ಚೌತಿಯ ದಿನ ಎಷ್ಟಾಯಿತು? ನಾಲ್ಕು ದಿನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಬೆಳಗಿನ ಇಳಿತ ಎಂಟೂವರೆಯ ಸುಮಾರಿಗೆ ಬಂತು. ಏಳಕ್ಕೆ ಹೊರಟರೆ ಗಾಳಿ ಇಲ್ಲದ ಹೊತ್ತಿನಲ್ಲಿ ಅಳಿವೆ ದಾಟುತ್ತೀರಿ, ಎಂಟೂವರೆಗೆ ಬಂಡೆಗಳು ಬರಿದಾಗಿರುತ್ತವೆ, ಹನ್ನೊಂದರೊಳಗೆ ಏರುವ ನೀರಿನ ಜೊತೆ ವಾಪಸ್ ಬರುತ್ತೀರಿ.

ಅಷ್ಟಮಿಯ ಹತ್ತಿರ ಹೋಗಬೇಡಿ. ಅವತ್ತು ಇಳಿತ ಬರುವುದೇ ಮಧ್ಯಾಹ್ನ, ಅದೂ ಅರ್ಧಂಬರ್ಧ. ಸೂರ್ಯ ಒಂದು ಕಡೆ ಎಳೆದರೆ ಚಂದ್ರ ಇನ್ನೊಂದು ಕಡೆ ಎಳೆಯುತ್ತಾನೆ, ನೀರು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಬ್ಬರೂ ಸೇರಿ ಎಳೆಯುತ್ತಾರೆ. ದಿನಕ್ಕೆ ಎರಡು ಇಳಿತ ಇದ್ದರೂ ಎರಡೂ ಒಂದೇ ಸಮ ಇರುವುದಿಲ್ಲ, ಅದಕ್ಕೇ ಈ ಲೆಕ್ಕ ಹಾಕಿದ ಮೇಲೂ ಬಂದರಿನ ಭರತ-ಇಳಿತದ ಪಟ್ಟಿ ಒಂದು ಸಲ ನೋಡಿ. ಈಗ ಮೊಬೈಲಿನಲ್ಲೇ ಸಿಗುತ್ತದೆ. ಆರನೇ ಕ್ಲಾಸಿನ ಮಕ್ಕಳಿಗೆ ಇದನ್ನು ನಾನು ಹಲಗೆಯ ಮೇಲೆ ಬರೆದು ಕಲಿಸುವುದಿಲ್ಲ. ಅಘನಾಶಿನಿ ದಡಕ್ಕೆ ಕರೆದುಕೊಂಡು ಹೋಗಿ ಒಂದು ಕೋಲು ಚುಚ್ಚುತ್ತೇನೆ. ಬೆಳಚು ಅನ್ನುವ ಚಿಪ್ಪುಮೀನು ಹೆಕ್ಕಲು ಹೋಗುವ ಹೆಂಗಸರ ಮಕ್ಕಳು ಇರುತ್ತಾರಲ್ಲ, ಅವರು ನನಗಿಂತ ಮೊದಲೇ ಉತ್ತರ ಹೇಳಿಬಿಡುತ್ತಾರೆ.


ತೋಟದಮನೆ, ಶಿರಸಿ
ಮಂಗಳವಾರ, ಮಧ್ಯಾಹ್ನ 1:05

ಅಕ್ಕೋರೇ, ತುಂಬಾ ಉಪಕಾರ. ಪಂಚಾಂಗ ತೆಗೆದೆ. ಮಾಘ ಬಹುಳ ಚೌತಿ ಅಂತ ಬೆರಳಿಟ್ಟೆ. ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಅವತ್ತು ಸಂಕಷ್ಟಿ" ಅಂದರು. ಅವರು ಸಂಕಷ್ಟಿ ಬಿಟ್ಟವರಲ್ಲ. ರಾತ್ರಿ ಚಂದ್ರ ಕಾಣುವವರೆಗೂ ಊಟ ಇಲ್ಲ. ದಿನ ಬದಲಾಯಿಸೋಣ ಅಂದರೆ ಅವರೇ ಬೇಡ ಅಂದರು. "ಹೊಟ್ಟೆ ಖಾಲಿ ಇದ್ದರೆ ದೋಣಿಯಲ್ಲಿ ವಾಂತಿ ಆಗುವುದಾದರೂ ಹೇಗೆ?" ಅಂತ ಕೇಳುತ್ತಿದ್ದಾರೆ.


ಬೈತಖೋಲ ಬಂಗುಡೆ
ಮಂಗಳವಾರ, ಮಧ್ಯಾಹ್ನ 1:20

ನಿಮ್ಮ ಅತ್ತೆಯವರನ್ನು ನಮ್ಮ ಬೋಟಿಗೆ ತಂಡೇಲ ಮಾಡಿಕೊಳ್ಳುತ್ತೇವೆ. ಆದರೆ ಅವರಿಗೆ ಹೇಳಿ, ಪೂರ್ತಿ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಎರಡು ಬಾಳೆಹಣ್ಣು ತಿನ್ನಲಿ. ಕೂರ್ಮಗಡದ ನರಸಿಂಹನಿಗೂ ನಾವು ಹರಕೆ ಒಪ್ಪಿಸುವುದು ಬಾಳೆಗೊನೆಯೇ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಬಂದು ನೋಡಬೇಕು, ಬೋಟು ತುಂಬಾ ಗೊನೆ.


ಹಳೇ ದಸ್ತಾವೇಜು
ಮಂಗಳವಾರ, ರಾತ್ರಿ 8:40

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕ್ಷಮಿಸಿ. ದ್ವೀಪದ ಕೊಲ್ಲಿ ಅಂದ ಕೂಡಲೇ ನನಗೆ ನೆನಪಾಗುವುದು ಅಂಜುದೀವ. ಬಿಣಗಾ, ಅರ್ಗಾದ ಎದುರಿಗೇ ಇದೆ, ಆದರೆ ಲೆಕ್ಕಕ್ಕೆ ಗೋವಾದ್ದು. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಯಿಂದ ವಾಪಸ್ ಹೋಗುವಾಗ ಅಲ್ಲಿ ನಿಂತಿದ್ದ. ಹಡಗನ್ನು ದಡಕ್ಕೆ ಎಳೆದು ತಳ ಕೆರೆದು ಸರಿ ಮಾಡಿಕೊಂಡ, ಕುಡಿಯುವ ನೀರು ತುಂಬಿಕೊಂಡ. ಕಡಲ ನಡುವೆ ಸಿಹಿನೀರು, ಅಲೆ ಹೊಡೆಯದ ಒಂದು ಬದಿ, ಹಡಗು ಎಳೆಯಲು ದಡ. ಹಡಗಿನವನಿಗೆ ಇನ್ನೇನು ಬೇಕು? 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು, ಮುಂದಿನ ವರ್ಷ ತಾವೇ ಕೆಡವಿದರು. 1682ರಲ್ಲಿ ಮತ್ತೆ ಕಟ್ಟಿದರು.

ನಡುವೆ ಒಂದು ದುರಂತದ ಕತೆ ಇದೆ. 1661ರ ಮದುವೆ ಒಪ್ಪಂದದಲ್ಲಿ ಮುಂಬೈ ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಹೋಯಿತಲ್ಲ. ಅದನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸೈನಿಕರ ಜೊತೆ ಬಂದ. ಮುಂಬೈಯಲ್ಲಿದ್ದ ಪೋರ್ಚುಗೀಸರು ಬಿಟ್ಟುಕೊಡಲಿಲ್ಲ. ಎಲ್ಲೂ ಜಾಗ ಸಿಗದೆ ಅಂಜುದೀವದಲ್ಲಿ ಬೀಡುಬಿಟ್ಟರು. ನಮ್ಮ ಮಳೆಗಾಲ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ರೋಗ ಬಿತ್ತು. 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ. ನಾಲ್ಕೈದು ನೂರು ಜನ ಬಂದವರಲ್ಲಿ 1665ರಲ್ಲಿ ಮುಂಬೈಗೆ ಕಾಲಿಟ್ಟವರು ನೂರರ ಸುಮಾರು. ಅದೇ ಕೊಲ್ಲಿ. ಗಾಮಾ ನಿಂತಾಗ ಮಳೆ ಮುಗಿದಿತ್ತು, ಅಷ್ಟೇ ವ್ಯತ್ಯಾಸ.


ತೋಟದಮನೆ, ಶಿರಸಿ
ಮಂಗಳವಾರ, ರಾತ್ರಿ 9:02

ಅಲ್ಲಿಗೂ ಹೋಗಬಹುದಾ?


ಕೋಡಿಬಾಗದವ
ಮಂಗಳವಾರ, ರಾತ್ರಿ 9:15

ಇಲ್ಲ. ಅದು ನೌಕಾಪಡೆಯ ಜಾಗ, ಕದಂಬ ನೌಕಾನೆಲೆಗೆ ಸೇರಿದ್ದು. ಅಲೆತಡೆ ಕಟ್ಟಿ ದಡಕ್ಕೆ ಸೇರಿಸಿದ್ದಾರೆ, ಈಗ ಅದನ್ನು ದ್ವೀಪ ಅನ್ನುವುದೂ ಕಷ್ಟ. 1961ರ ಡಿಸೆಂಬರ್ 18ರಂದು ಅಲ್ಲಿ ಇಳಿಯುವಾಗ ನೌಕಾಪಡೆಯ 7 ಜನ ಪ್ರಾಣ ಕೊಟ್ಟಿದ್ದಾರೆ. ಹತ್ತಿರ ಸುಳಿಯಲು ನಮಗೂ ಬಿಡುವುದಿಲ್ಲ. ದೇವಗಡ ದ್ವೀಪವೂ ಸುಮ್ನೆ ಹೋಗಿ ಇಳಿಯುವ ಜಾಗ ಅಲ್ಲ, ದೀಪಸ್ತಂಭ ಇಲಾಖೆಯದು. 1864ರಿಂದ ದೀಪ ಉರಿಯುತ್ತಿದೆ. ರಾತ್ರಿ ಲಾಡ್ಜಿನ ಮಾಳಿಗೆಯಿಂದ ಮಗಳಿಗೆ ಬೆಳಕು ತೋರಿಸಿ.


ಮುರುಡೇಶ್ವರದ ಮುಳುಗ
ಬುಧವಾರ, ಬೆಳಿಗ್ಗೆ 10:30

ಎಲ್ಲರೂ ದ್ವೀಪದ ಮೇಲೆ ಏನಿದೆ ಅಂತ ಕೇಳುತ್ತಾರೆ. ದ್ವೀಪದ ಚೆಂದ ಇರುವುದು ಕೆಳಗೆ. ನಮ್ಮ ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲ ಒಳಗೆ. ಮೇಲೆ ಇಳಿಯುವ ಹಾಗಿಲ್ಲ, ಸುತ್ತಲಿನ ನೀರಿನಲ್ಲಿ ಮುಳುಗಿ ನೋಡುವುದು. ಬಂಡೆ ನೆಟ್ಟಗೆ ಇಳಿದು ಹೋಗುತ್ತದೆ, ಅದಕ್ಕೆ ಅಂಟಿಕೊಂಡು ಹವಳ, ಅದರ ಸುತ್ತ ಗಿಳಿಮೀನು, ಅದರಾಚೆ ಬರಾಕುಡಾಗಳ ಹಿಂಡು. ಬೆಳ್ಳಿಯ ಬಾಗಿಲು ತಿರುಗಿದ ಹಾಗೆ ಹಿಂಡು ಪೂರ್ತಿ ಒಟ್ಟಿಗೆ ತಿರುಗುತ್ತದೆ.

ಕೂರ್ಮಗಡದ ನೀರಿನಲ್ಲಿ ಇಷ್ಟು ಕಾಣುವುದಿಲ್ಲ, ಕಾಳಿಯ ಮಣ್ಣು ಅಲ್ಲಿಯವರೆಗೂ ಬರುತ್ತದೆ. ಹೊಳೆಬಾಯಿಯಿಂದ ದೂರ ಇದ್ದಷ್ಟೂ ನೀರು ತಿಳಿ. ನಿಮ್ಮ ಮಗಳು ದೊಡ್ಡವಳಾದ ಮೇಲೆ ನಮ್ಮ ಕಡೆ ಕಳಿಸಿ. ನಮ್ಮ ಕಡೆಯವರು ಹರಕೆಗೆ ಆಡು ತಂದು ನೇತ್ರಾಣಿಯ ಮೇಲೆ ಬಿಟ್ಟುಬಿಡುತ್ತಿದ್ದರು. ಅವು ಬಂಡೆ ತುದಿಯಲ್ಲಿ ನಿಂತು ಮುಳುಗುವವರನ್ನು ನೋಡುತ್ತಿರುತ್ತವೆ, ಇವರಿಗೆ ಬೇರೆ ಕೆಲಸ ಇಲ್ವಾ ಅನ್ನುವ ಹಾಗೆ.


ಬೇಲೆಕೇರಿ
ಬುಧವಾರ, ಮಧ್ಯಾಹ್ನ 3:12

ಒಂದು ಮಾತು, ಕಹಿ ಅನ್ನಿಸಿದರೂ ಹೇಳುತ್ತೇನೆ. ಹೀಗೆ ಎಲ್ಲರಿಗೂ ದಾರಿ ಹೇಳಿಕೊಟ್ಟು ಹೇಳಿಕೊಟ್ಟೇ ಗೋಕರ್ಣದ ಗತಿ ಏನಾಯಿತು? ಹಾಫ್ ಮೂನ್, ಪ್ಯಾರಡೈಸ್ ಬೀಚಿಗೆ ನಾನು ಚಿಕ್ಕವನಿದ್ದಾಗ ಕಾಲುದಾರಿ ಗೊತ್ತಿದ್ದವರು ಮಾತ್ರ ಹೋಗುತ್ತಿದ್ದರು. ಈಗ ಅಲ್ಲಿ ಬಾಟಲಿ ಹೆಕ್ಕಲು ಸ್ವಯಂಸೇವಕರು ಹೋಗಬೇಕಾಗಿದೆ. ಕೂರ್ಮಗಡಕ್ಕೂ ಅದೇ ಆಗಬೇಕಾ?

ಹೋಗುವುದಾದರೆ ಒಂದು ಕಪ್ಪೆಚಿಪ್ಪನ್ನೂ ತರಬೇಡಿ. ಮಕ್ಕಳು ಜೇಬು ತುಂಬಾ ತುಂಬಿಕೊಂಡು ಮನೆಗೆ ತರುತ್ತಾರೆ, ಮೂರು ದಿನಕ್ಕೆ ನಾತ ಹೊಡೆದು ಅಮ್ಮ ಎಸೆಯುತ್ತಾಳೆ. ಯಾಕೆ ನಾತ? ಅದರೊಳಗೆ ಖಾಲಿ ಚಿಪ್ಪಿನಲ್ಲಿ ಮನೆ ಮಾಡುವ ಸನ್ಯಾಸಿ ಏಡಿ ಇತ್ತು, ಅದಕ್ಕೆ.


ಸದಾಶಿವಗಡ (ಈಗ ಬೆಂಗಳೂರು)
ಬುಧವಾರ, ಸಂಜೆ 6:40

ಬೇಲೆಕೇರಿಯವರೇ, ಸಿಟ್ಟು ಅರ್ಥವಾಗುತ್ತದೆ. ಆದರೆ ಶಿರಸಿಯ ಒಂದು ಮಗು ದ್ವೀಪ ನೋಡಬಾರದು, ನಾವು ಮಾತ್ರ ನೋಡಬೇಕು ಅನ್ನುವುದು ಯಾವ ನ್ಯಾಯ? ನಾನೂ ಈಗ ಅಲ್ಲಿ ಇಲ್ಲ. ಹಾಗಾದರೆ ನಾನೂ ಟೂರಿಸ್ಟೇ ಅಲ್ವಾ? ಚಿಪ್ಪಿನ ಮಾತು ಒಪ್ಪಿದೆ.


ಕೋಡಿಬಾಗದವ
ಬುಧವಾರ, ರಾತ್ರಿ 9:50

ಇಬ್ಬರೂ ಸರಿ. ನಾನು ಇನ್ನೆರಡು ಸೇರಿಸಿ ಮುಗಿಸುತ್ತೇನೆ.

ಬಂಡೆಯ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ಬಂಡೆಗೆ ಅಂಟಿಕೊಂಡು ಬೆಳೆಯುವ ಕಲ್ವದ ಚಿಪ್ಪು ಬ್ಲೇಡಿನ ಹಾಗೆ. ಸುಲಭಕ್ಕೆ ಜಾರುವ ಹವಾಯಿ ಚಪ್ಪಲಿಯೂ ಬೇಡ, ಹಿಂದೆ ಪಟ್ಟಿ ಇರುವುದು ಹಾಕಿ. ಕಪ್ಪಗೆ ಒಣಗಿದ ಬಂಡೆ ನಂಬಿ, ಹಸಿರು ಬಂಡೆ ನಂಬಬೇಡಿ. ಮೊಣಕಾಲು ನೀರಿನಲ್ಲಿ ಮರಳಿನ ಮೇಲೆ ನಡೆಯುವಾಗ ಕಾಲು ಎತ್ತಿ ಇಡಬೇಡಿ, ಉಜ್ಜುತ್ತಾ ಹೋಗಿ. ಮರಳಲ್ಲಿ ತೊರಕೆ ಮೀನು ಹೂತುಕೊಂಡಿದ್ದರೆ ಸದ್ದಿಗೆ ಎದ್ದು ಹೋಗುತ್ತದೆ, ತುಳಿದರೆ ಮಾತ್ರ ಬಾಲದ ಮುಳ್ಳು.

ಇಳಿದ ಕೂಡಲೇ ನೀರಿನ ಅಂಚಿನಿಂದ ಒಂದು ಗೇಣು ಮೇಲೆ ಏನಾದರೂ ಗುರುತು ಇಡಿ. ನೀರು ತಿರುಗಿದ ಮೊದಲ ಗಂಟೆ ಕಳ್ಳನ ಹಾಗೆ ಬರುತ್ತದೆ, ಗೊತ್ತೇ ಆಗುವುದಿಲ್ಲ. ಮೂರನೇ ಗಂಟೆಗೆ ಓಡಿ ಬರುತ್ತದೆ. ಗುರುತು ಮುಳುಗಿದ ಮೇಲೆ ಗಡಿಯಾರ ನೋಡಬೇಡಿ, ದೋಣಿಯ ಕಡೆ ನಡೆಯಿರಿ. ಮತ್ತೆ, ಹೋದ ಸಲ ಹೋದವರು ಹೇಳಿದ ಮರಳಿನ ತುಂಡು ಈ ಸಲ ಅಲ್ಲೇ ಇರುತ್ತದೆ ಅಂತ ತಿಳಿಯಬೇಡಿ. ಮಳೆಗಾಲದ ಅಲೆ ಮರಳನ್ನು ಎಳೆದುಕೊಂಡು ಹೋಗುತ್ತದೆ, ಶಾಂತ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪವೇ ವಾಪಸ್ ತಂದು ಹಾಕುತ್ತದೆ. ಗಣೇಶ ಚೌತಿಗೆ ಬರೀ ಕಲ್ಲು ಕಂಡ ಜಾಗದಲ್ಲಿ ಸಂಕ್ರಾಂತಿಯ ಮೇಲೆ ಚಾಪೆ ಹಾಸಿ ಮಲಗಬಹುದು.


ತೋಟದಮನೆ, ಶಿರಸಿ
ಎರಡು ವಾರ ಬಿಟ್ಟು, ಭಾನುವಾರ ರಾತ್ರಿ 8:25

ಹೋಗಿ ಬಂದೆವು. ಸಂಕಷ್ಟಿಯ ದಿನವೇ. ಹಿಂದಿನ ರಾತ್ರಿ ಕಾರವಾರದಲ್ಲಿ ಉಳಿದೆವು. ಲಾಡ್ಜಿನ ಮಾಳಿಗೆಯಿಂದ ದೇವಗಡದ ಬೆಳಕು ನೋಡಿದೆವು, ಮಗಳು ನಿದ್ದೆ ಬರುವವರೆಗೂ ಎಣಿಸಿದಳು.

ಬೆಳಿಗ್ಗೆ ಏಳಕ್ಕೆ ಬೋಟು. ಮಕ್ಕಳ ಜಾಕೆಟ್ ಕೇಳಿದೆ, ಒಳಗಿನಿಂದ ತಂದುಕೊಟ್ಟರು. ಕೇಳದಿದ್ದರೆ ಕೊಡುತ್ತಿದ್ದರೋ ಇಲ್ಲವೋ. ಅಳಿವೆಯಲ್ಲಿ ಇಳಿತದ ನೀರು ನಮ್ಮನ್ನು ಎಳೆದುಕೊಂಡೇ ಹೋಯಿತು. ಮಶಿನ್ ನಿಧಾನ ಮಾಡಿದರೂ ದೇವಬಾಗದ ಗಾಳಿಮರಗಳು ಹಿಂದಕ್ಕೆ ಓಡುತ್ತಿದ್ದವು. ಡಾಲ್ಫಿನ್ ಎರಡು ಸಲ ಬೆನ್ನು ತೋರಿಸಿದವು. ಅತ್ತೆಯವರು ಒಂದು ಕೈಯಲ್ಲಿ ಬೋಟಿನ ಅಂಚು, ಇನ್ನೊಂದು ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಕೂತಿದ್ದರು. ವಾಂತಿ ಮಾಡಿದವನು ನಾನೊಬ್ಬನೇ. ಬಂಗುಡೆಯವರೇ, ನಿಮ್ಮ ಮೀನುಗಳಿಗೆ ಎರಡು ಇಡ್ಲಿ ಸಂದಾಯವಾಗಿದೆ.

ದ್ವೀಪದ ಹತ್ತಿರ ಮೊಣಕಾಲು ನೀರಿನಲ್ಲಿ ಇಳಿಸಿದರು. ಅತ್ತೆಯವರನ್ನು ಬೋಟಿನ ಹುಡುಗ ಕೈಹಿಡಿದು ಇಳಿಸಿದ. ಅವರು ನಿಧಾನಕ್ಕೆ ಹತ್ತಿ ದೇವರಿಗೆ ಕೈಮುಗಿದು ಬಂದು ಮರದ ನೆರಳಲ್ಲಿ ಕೂತರು. ನಾನೂ ಮಗಳೂ ಬಂಡೆಗೆ ಹೋದೆವು. ಗುರುತು ಇಡಬೇಕು ಅಂದಿದ್ದರಲ್ಲ, ಮಗಳು ತನ್ನ ಹಳೆಯ ಚಪ್ಪಲಿಯನ್ನೇ ಇಟ್ಟಳು. ಗುಲಾಬಿ ಬಣ್ಣದ್ದು, ಎಡಗಾಲಿನದು. ಇನ್ನೊಂದು ಜೊತೆ ಹಿಂದೆ ಪಟ್ಟಿ ಇರುವುದು ಕಾಲಲ್ಲಿ ಇತ್ತು.

ನಾನು ನೋಡಲು ಹೋದದ್ದು ಬೀಚುಗಳನ್ನು. ನೋಡಿದ್ದು ಒಂದು ಹೊಂಡ. ನಮ್ಮನೆ ಹರಿವಾಣದಷ್ಟು ಅಗಲ, ಗೇಣುದ್ದ ಆಳ. ಬಂಡೆಯ ಗೋಡೆ ನೋಡಿದರೆ ಅಟ್ಟ ಅಟ್ಟವಾಗಿ ಮನೆ ಕಟ್ಟಿದ ಹಾಗೆ. ಎಲ್ಲಕ್ಕಿಂತ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚಿಪ್ಪುಗಳು, ಅದರ ಕೆಳಗೆ ಕಲ್ವ, ಅದರ ಕೆಳಗೆ ಹಸಿರು ಪಾಚಿ, ತಳದಲ್ಲಿ ನೀರು. ಅಂಗಡಿ ಬಾಗಿಲು ಹಾಕಿದ ಹಾಗೆ ಮೇಲಿನವೆಲ್ಲ ಬಾಯಿ ಮುಚ್ಚಿ ಕೂತಿದ್ದವು, ನೀರು ಬರುವುದನ್ನೇ ಕಾಯುತ್ತಾ. ಹೊಂಡದ ತಳದಲ್ಲಿ ಕಂದು ಬಣ್ಣದ ಒಂದು ಹೂವು. ಮಗಳು ಬೆರಳು ತಾಗಿಸಿದಳು. ಹೂವಿನ ಎಸಳುಗಳೆಲ್ಲ ಅವಳ ಬೆರಳಿಗೆ ಅಂಟಿಕೊಂಡವು. "ಅಪ್ಪಾ, ಹಲಸಿನ ಮೇಣದ ಥರ!" ಅಂದಳು. ಬೆರಳು ತೆಗೆದ ಮೇಲೆ ಅದು ಮುದುಡಿ ಗುಂಡಿಯಷ್ಟಾಯಿತು. ಅದು ಹೂವಲ್ಲ, ಪ್ರಾಣಿ ಅಂತ ಆಮೇಲೆ ಬೋಟಿನ ಹುಡುಗ ಹೇಳಿದ. ಹೀಗೆ ಎಲ್ಲವನ್ನೂ ಮುಟ್ಟಬಾರದು ಅಂತಲೂ ಹೇಳಿದ.

ಪಕ್ಕದಲ್ಲಿ ಒಂದು ಶಂಖು ನಡೆಯುತ್ತಾ ಬಂತು. ಬೇಲೆಕೇರಿಯವರ ಸನ್ಯಾಸಿ. ಇನ್ನೊಂದು ಖಾಲಿ ಶಂಖದ ಹತ್ತಿರ ನಿಂತು, ಒಳಗೆ ಕೈಹಾಕಿ, ಸುತ್ತು ಬಂದು, ಮತ್ತೆ ಕೈಹಾಕಿ ಪರೀಕ್ಷೆ ಮಾಡಿತು. ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ತೋಟದ ಬಾವಿ ಇಣುಕಿ ನೋಡುವ ಹಾಗೆ. ಹತ್ತು ನಿಮಿಷ ನೋಡಿ, ಕೊನೆಗೆ ಬೇಡ ಅಂತ ಹಳೆ ಮನೆಯಲ್ಲೇ ಹೊರಟುಹೋಯಿತು. ನಾವೂ ಒಂದು ಚಿಪ್ಪನ್ನೂ ತರಲಿಲ್ಲ.

ಆ ಹೊಂಡದ ಪಕ್ಕದಲ್ಲೇ ಒಂದು ಗಂಟೆ ಹೋಯಿತು. ಆಚೆ ಬಂಡೆ ದಾಟಿದರೆ ಇನ್ನೊಂದು ಸಣ್ಣ ಮರಳಿನ ತುಂಡು ಕಾಣುತ್ತಿತ್ತು, ನಮ್ಮ ಅಂಗಳದಷ್ಟು. ಅಲ್ಲಿಯವರೆಗೆ ಹೋಗೋಣ ಅಂತ ಎದ್ದು ತಿರುಗಿ ನೋಡಿದೆ. ಚಪ್ಪಲಿ ಇಲ್ಲ. ಇಟ್ಟ ಬಂಡೆಯೂ ಇಲ್ಲ. ಗಂಟೆ ಇನ್ನೂ ಹತ್ತಕ್ಕೆ ಹತ್ತು ನಿಮಿಷ ಇತ್ತು. ಸದ್ದೇ ಇಲ್ಲದೆ ಬಂದಿತ್ತು ನೀರು. ಸದಾಶಿವಗಡದವರ ಕವಳಿ ಮಟ್ಟಿ ನೆನಪಾಯಿತು, ವಾಪಸ್ ನಡೆದೆವು. ಬರುವಾಗ ಪಡುವಣ ಬದಿಯನ್ನು ಬೋಟಿನಿಂದ ನೋಡಿದೆ. ನಾನು ಸುತ್ತು ಹಾಕುತ್ತೇನೆ ಅಂದಿದ್ದ ಜಾಗ ಅದು. ಬಿಳಿ ನೊರೆ ಬಂಡೆಯ ಮೇಲೆ ಮನೆಯೆತ್ತರ ಏರಿ ಬೀಳುತ್ತಿತ್ತು, ನಮ್ಮ ಸುತ್ತ ಮಾತ್ರ ಗಾಳಿಯೇ ಇರಲಿಲ್ಲ.

ಹನ್ನೊಂದಕ್ಕೆ ಜೆಟ್ಟಿಯಲ್ಲಿ ಇದ್ದೆವು. ರಾತ್ರಿ ಒಂಬತ್ತೂವರೆಯ ಮೇಲೆ ಚಂದ್ರ ಎದ್ದ, ಅತ್ತೆಯವರು ಊಟ ಮಾಡಿದರು. ಅಕ್ಕೋರೇ, ಚಂದ್ರನ ಆ ತಡದ ಲೆಕ್ಕವನ್ನು ಅವರಿಗೆ ಹೇಳಿದೆ. "ನನ್ನನ್ನು ಕೇಳಿದ್ದರೆ ನಾನೇ ಹೇಳುತ್ತಿದ್ದೆ, ನಲವತ್ತು ವರ್ಷದಿಂದ ಕಾಯುತ್ತಿದ್ದೇನೆ" ಅಂದರು.


ಕುಮಟಾ ಅಕ್ಕೋರು
ಭಾನುವಾರ, ರಾತ್ರಿ 9:00

ಮಗಳಿಗೆ ಹತ್ತಕ್ಕೆ ಹತ್ತು ಮಾರ್ಕು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.


ಬೇಲೆಕೇರಿ
ಭಾನುವಾರ, ರಾತ್ರಿ 9:18

ಚಿಪ್ಪು ತರಲಿಲ್ಲ ಸರಿ. ಪ್ಲಾಸ್ಟಿಕ್ ಚಪ್ಪಲಿ ಕಡಲಿಗೆ ಹಾಕಿ ಬಂದಿರಲ್ಲ ಮಾರಾಯರೇ.


ಬೈತಖೋಲ ಬಂಗುಡೆ
ಸೋಮವಾರ, ಬೆಳಿಗ್ಗೆ 11:40

ಬೇಲೆಕೇರಿ, ಸಿಟ್ಟು ಇಳಿಸಿ. ಇವತ್ತು ದೇವಬಾಗದ ದಡದಲ್ಲಿ ಯೆಂಡಿ ಬಲೆ ಎಳೆಯಲು ನಾನೂ ಕೈಕೊಟ್ಟೆ. ನೊಗಲಿ ಒಂದು ಬುಟ್ಟಿ, ತಾರ್ಲೆ ಅರ್ಧ ಬುಟ್ಟಿ, ಲೋಳೆಮೀನು ಬೇಕಾದಷ್ಟು. ಮತ್ತೆ ಒಂದು ಗುಲಾಬಿ ಚಪ್ಪಲಿ, ಎಡಗಾಲಿನದು. ಏರುವ ನೀರು ಹೊಳೆಬಾಯಿಗೇ ತಂದುಬಿಟ್ಟಿದೆ. ಅಟ್ಟೆಗೆ ಅಕ್ಕಿಕಾಳಿನಷ್ಟು ಬಿಳಿ ಚಿಪ್ಪು ಏನಾದರೂ ಹತ್ತಿದೆಯಾ ನೋಡಿದೆ, ಇನ್ನೂ ಇಲ್ಲ. ಶಿರಸಿ ಬಸ್ಸಿನ ಡ್ರೈವರ್ ಹತ್ತಿರ ಕೊಟ್ಟು ಕಳಿಸಲಾ?


ತೋಟದಮನೆ, ಶಿರಸಿ
ಸೋಮವಾರ, ಮಧ್ಯಾಹ್ನ 12:15

ಕಳಿಸಿ. ಬಲಗಾಲಿನದನ್ನು ಅವಳು ಎಸೆಯಲು ಬಿಟ್ಟಿಲ್ಲ.